‘ಹುಡುಗರು ನಿಲ್ಲುವುದಿಲ್ಲ’: ದೂರನ್ನು ಪ್ರಶ್ನೆಯಾಗಿ ಮಾಡುವುದು ಹೇಗೆ?

ನಮ್ಮವರ ಯಾವ ಸಭೆ-ಸಮಾರಂಭಕ್ಕೆ ಹೋದರೂ ಊಟದ ಹೊತ್ತಿಗೆ ಮಾತು ಮೂರು ವಿಷಯಗಳಿಗೆ ಬಂದು ನಿಲ್ಲುತ್ತದೆ. ಒಂದು ಗ್ಯಾಸ್ ಸಿಲಿಂಡರಿನ ದರ, ಇನ್ನೊಂದು ಲೈಸೆನ್ಸಿನ ತಾಪತ್ರಯ, ಮೂರನೆಯದು ಹುಡುಗರು ನಿಲ್ಲುವುದಿಲ್ಲ ಎಂಬುದು. ಮೊದಲಿನ ಎರಡರಲ್ಲಿ ನಮ್ಮ ಮಾತು ನಡೆಯುವುದು ಅಷ್ಟಕ್ಕಷ್ಟೆ. ಮೂರನೆಯದರಲ್ಲಿ ಕೆಲವು ಸಂಗತಿಗಳಾದರೂ ನಮ್ಮ ಕೈಯಲ್ಲೇ ಇವೆ. ಆದರೂ ವರ್ಷದಿಂದ ವರ್ಷಕ್ಕೆ ನಾವು ಅದೇ ಮಾತನ್ನು ಹೇಳುತ್ತ ಬಂದಿದ್ದೇವೆ. ‘ಈಗಿನವರಿಗೆ ನಿಯತ್ತಿಲ್ಲ’, ‘ಮೊಬೈಲ್ ಬಂದ ಮೇಲೆ ಹಾಳಾದರು’, ‘ಎದುರಿನವನು ಐನೂರು ಜಾಸ್ತಿ ಕೊಟ್ಟರೆ ಓಡುತ್ತಾರೆ’. ಇವೆಲ್ಲ ಉತ್ತರಗಳು. ಪ್ರಶ್ನೆ ಏನೆಂದು ಕೇಳುವ ಮೊದಲೇ ಉತ್ತರ ಕೊಟ್ಟು ಕೈ ತೊಳೆದುಕೊಂಡಿದ್ದೇವೆ.

ಈ ಪಾಠದಲ್ಲಿ ನಾವು ಉತ್ತರ ಕೊಡಲು ಹೊರಟಿಲ್ಲ. ಪ್ರಶ್ನೆಯನ್ನು ಸರಿಯಾಗಿ ಕೇಳುವುದು ಹೇಗೆ ಎಂದು ನೋಡೋಣ. ನಮ್ಮ ಮಕ್ಕಳು ಕಾಲೇಜಿನಲ್ಲಿ ‘ಸಂಶೋಧನಾ ಪ್ರಶ್ನೆ’ ಎಂದು ಇದನ್ನೇ ಕಲಿಯುತ್ತಾರೆ. ಹೆಸರು ದೊಡ್ಡದು, ಕೆಲಸ ನಮಗೆ ಹೊಸದೇನಲ್ಲ. ಗಿರಾಕಿ ಬಂದು ‘ನಿಮ್ಮ ಸಾಂಬಾರು ಮೊದಲಿನ ಹಾಗಿಲ್ಲ’ ಎಂದರೆ ನಾವು ಏನು ಮಾಡುತ್ತೇವೆ? ಬೆಳಗ್ಗಿನ ಪಾತ್ರೆಯದ್ದೋ ಮಧ್ಯಾಹ್ನದ್ದೋ ಎಂದು ವಿಚಾರಿಸುತ್ತೇವೆ. ಯಾವ ಭಟ್ಟರು ಮಾಡಿದ್ದು, ಬೇಳೆಯ ಚೀಲ ಬದಲಾಗಿದೆಯೋ, ಪುಡಿ ಹೊಸದೋ ಹಳೆಯದೋ ಎಂದು ಒಂದೊಂದಾಗಿ ನೋಡುತ್ತೇವೆ. ‘ಈಗಿನ ಸಾಂಬಾರೇ ಹಾಗೆ’ ಎಂದು ಯಾರೂ ಸುಮ್ಮನಿರುವುದಿಲ್ಲ. ಅಡುಗೆಮನೆಯಲ್ಲಿ ಬಳಸುವ ಈ ಬುದ್ಧಿಯನ್ನು ಹಾಜರಿ ಪುಸ್ತಕದ ಮೇಲೂ ಬಳಸಬೇಕು, ಅಷ್ಟೆ.

ಹಳೆಯ ಉತ್ತರಗಳು ಈಗ ಸಾಲವು

ಹಿಂದೆ ಮುಂಬಯಿಯ ನಮ್ಮ ಹೋಟೆಲುಗಳಿಗೆ ಹುಡುಗರು ಊರಿನಿಂದಲೇ ಬರುತ್ತಿದ್ದರು. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಮಾವನ ಜೊತೆಗೋ ನೆರೆಮನೆಯವರ ಜೊತೆಗೋ ಬಂದು ಕಪ್ಪು-ಬಸಿ ತೊಳೆಯುವಲ್ಲಿಂದ ಶುರು ಮಾಡಿ, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಗಲ್ಲೆಯವರೆಗೆ ಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಆಗ ಹುಡುಗ ಕೆಲಸ ಬಿಟ್ಟರೆ ಯಾಕೆ ಬಿಟ್ಟ, ಎಲ್ಲಿಗೆ ಹೋದ ಎಂಬುದು ಎಂಟು ದಿನದಲ್ಲಿ ಊರಿನ ಪತ್ರದಿಂದಲೇ ತಿಳಿಯುತ್ತಿತ್ತು. ಕೇಳುವ ಅಗತ್ಯವೇ ಇರಲಿಲ್ಲ.

ಈಗ ಊರಿನ ಹುಡುಗರು ಓದಿ ಬೇರೆ ದಾರಿ ಹಿಡಿದಿದ್ದಾರೆ. ಒಳ್ಳೆಯದೇ ಆಯಿತು. ನಮ್ಮ ಮೋರಿಯಲ್ಲಿ, ತವದ ಮುಂದೆ, ಟೇಬಲಿನ ಬಳಿ ಇರುವವರು ಒಡಿಶಾ, ಬಿಹಾರ, ಜಾರ್ಖಂಡ್, ಉತ್ತರ ಪ್ರದೇಶ, ಬಂಗಾಳ, ನೇಪಾಳದವರು. ಅವರ ಊರಿನ ಸುದ್ದಿ ನಮಗೆ ತಲಪುವುದಿಲ್ಲ, ನಮ್ಮ ಹೋಟೆಲಿನ ಸುದ್ದಿ ಮಾತ್ರ ಅದೇ ರಾತ್ರಿ ಅವರ ಊರಿಗೆ ತಲಪುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ, ಮೇ 1ರಿಂದ ಶ್ರಮಿಕ ರೈಲುಗಳು ಹೊರಟಾಗ ಈ ಹುಡುಗರು ಸಾಲುಗಟ್ಟಿ ಊರಿಗೆ ಹೋದರು. ಹೋಟೆಲ್ ತೆರೆಯಲು ಅನುಮತಿ ಸಿಕ್ಕಿದಾಗ ಕೆಲವರಿಗೆ ಒಂದು ಫೋನಿಗೆ ಜನ ಬಂದರು, ಕೆಲವರಿಗೆ ವಿಮಾನದ ಟಿಕೆಟ್ ಕಳಿಸುತ್ತೇವೆಂದರೂ ಬರಲಿಲ್ಲ. ಯಾಕೆ ಹೀಗಾಯಿತು ಎಂದು ಆಗ ಯಾರೂ ಕೂತು ವಿಚಾರಿಸಲಿಲ್ಲ. ವಿಚಾರಿಸಬೇಕಾದದ್ದು ಅದನ್ನೇ.

ಮೊದಲ ಹೆಜ್ಜೆ: ‘ಬಿಟ್ಟು ಹೋಗುವುದು’ ಎಂದರೇನು?

ಯಾವ ಲೆಕ್ಕಕ್ಕೂ ಮೊದಲು ಶಬ್ದದ ಅರ್ಥ ಖಚಿತವಾಗಬೇಕು. ‘ಬಿಟ್ಟು ಹೋದ’ ಎಂಬ ಒಂದೇ ಮಾತಿನಲ್ಲಿ ನಾವು ನಾಲ್ಕು ತರದವರನ್ನು ಸೇರಿಸುತ್ತೇವೆ.

1. ಮೊದಲೇ ಹೇಳಿ, ಹಿಸಾಬು ಮಾಡಿಸಿಕೊಂಡು ಹೋದವನು.
2. ರಜೆಯೆಂದು ಊರಿಗೆ ಹೋಗಿ ಬಾರದವನು.
3. ಬೆಳಗ್ಗೆ ಎದ್ದು ನೋಡಿದರೆ ಇಲ್ಲದವನು.
4. ನಾವೇ ಬೇಡವೆಂದು ಕಳುಹಿಸಿದವನು.

ನಾಲ್ಕಕ್ಕೂ ಕಾರಣ ಬೇರೆ, ಉಪಾಯವೂ ಬೇರೆ. ಹೇಳಿ ಹೋದವನಿಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿರಬಹುದು. ಹೇಳದೆ ಹೋದವನಿಗೆ ಹೇಳುವ ಧೈರ್ಯ ಇರಲಿಲ್ಲವೋ, ಹೇಳಿದರೆ ಬಾಕಿ ಸಿಗದೆಂಬ ಹೆದರಿಕೆಯೋ ಇರಬಹುದು. ಎರಡನೆಯ ತರದವನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಗದ್ದೆ ಕೆಲಸಕ್ಕೆಂದು ಮೂರು ತಿಂಗಳು ಹೋಗುವವನ ಲೆಕ್ಕದಲ್ಲಿ ಅದು ರಜೆ, ನಮ್ಮ ಲೆಕ್ಕದಲ್ಲಿ ಅವನು ಬಿಟ್ಟು ಹೋದವನು. ಆದ್ದರಿಂದ ಐದನೆಯದಾಗಿ ‘ಹೋಗಿ ಪುನಃ ಬಂದವನು’ ಎಂದೂ ಒಂದು ಕಲಂ ಇಡಬೇಕು. ನಮ್ಮ ವ್ಯಾಪಾರದಲ್ಲಿ ಮನುಷ್ಯ ಹೋಗದೆ ಇರುವಂತೆ ಮಾಡುವುದು ಕಷ್ಟ. ಹೋದವನು ಪುನಃ ಬರುವಂತೆ ಮಾಡುವುದು ಅದಕ್ಕಿಂತ ಸುಲಭ.

ಎರಡನೆಯ ಹೆಜ್ಜೆ: ದೊಡ್ಡ ದೂರನ್ನು ಸಣ್ಣದು ಮಾಡುವುದು

ತಿಳಿಯಲು ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಂದು ಹೋಟೆಲಿನಲ್ಲಿ 24 ಜನ ಇದ್ದಾರೆ ಎಂದಿಟ್ಟುಕೊಳ್ಳಿ. ಮೋರಿ ಮತ್ತು ಟೇಬಲ್ ಕ್ಲೀನಿಂಗಿಗೆ 6, ವೇಟರ್ 8, ಅಡುಗೆಮನೆಗೆ 6, ಬಾಹರ್‌ವಾಲಾ 2, ಕೌಂಟರಿಗೆ 2. ವರ್ಷದಲ್ಲಿ 18 ಜನ ಹೋದರು. ಮಾಲಕರು ‘ನೂರಕ್ಕೆ 75 ಜನ ಹೋದರು, ಯಾರೂ ನಿಲ್ಲುವುದಿಲ್ಲ’ ಎನ್ನುತ್ತಾರೆ. ಪುಸ್ತಕ ತೆರೆದು ನೋಡಿದರೆ 18ರಲ್ಲಿ 12 ಜನ ಮೋರಿ ಮತ್ತು ಕ್ಲೀನಿಂಗಿನವರು. ಅಂದರೆ ಆ 6 ಜಾಗಗಳೇ ಎರಡೆರಡು ಸಲ ಖಾಲಿಯಾದವು. ಉಳಿದ 18 ಜಾಗಗಳಿಂದ ಹೋದವರು 6 ಜನ ಮಾತ್ರ. ಆ 12ರಲ್ಲಿ 8 ಜನ ಬಂದ 45 ದಿನದೊಳಗೇ ಹೋದರು.

ಈಗ ದೂರು ಎಷ್ಟು ಸಣ್ಣದಾಯಿತು ನೋಡಿ. ‘ಯಾರೂ ನಿಲ್ಲುವುದಿಲ್ಲ’ ಎಂಬುದು ಹೋಗಿ, ‘ಮೋರಿಗೆ ಸೇರಿದವರು ಮೊದಲ ಒಂದೂವರೆ ತಿಂಗಳಲ್ಲೇ ಯಾಕೆ ಹೋಗುತ್ತಾರೆ?’ ಎಂಬಲ್ಲಿಗೆ ಬಂತು. ಎಲ್ಲರ ಪಗಾರ ಏರಿಸಿದರೆ ಇದಕ್ಕೆ ಉತ್ತರ ಸಿಗುತ್ತದೆಂದು ಹೇಳಲಾಗದು. ಮೋರಿಯ ನೀರು, ಚಪ್ಪಲಿ, ಕೈಯ ಹುಣ್ಣು, ಮಲಗುವ ಜಾಗ, ಮೊದಲ ವಾರ ಅವನನ್ನು ಬೈಯುವವರು ಯಾರು, ಇವನ್ನೆಲ್ಲ ನೋಡಬೇಕಾದೀತು. ನಿಮ್ಮ ಹೋಟೆಲಿನಲ್ಲಿ ಲೆಕ್ಕ ಬೇರೆ ಬರಬಹುದು. ನಾಲ್ಕು ವರ್ಷ ದುಡಿದ ದೋಸೆ ಮಾಸ್ಟರುಗಳೇ ಹೋಗುತ್ತಿದ್ದರೆ ಅದು ಬೇರೆಯೇ ಪ್ರಶ್ನೆ.

ಮೂರನೆಯ ಹೆಜ್ಜೆ: ಒಳ್ಳೆಯ ಪ್ರಶ್ನೆಯ ಲಕ್ಷಣ

ಪ್ರಶ್ನೆ ಮಾಡಿದ ಮೇಲೆ ಈ ಐದು ಸಂಗತಿ ಅದರಲ್ಲಿ ಇವೆಯೇ ಎಂದು ಒರೆಗೆ ಹಚ್ಚಿ ನೋಡಬೇಕು.

ಒಂದು, ಯಾರ ಬಗ್ಗೆ? ‘ಹುಡುಗರು’ ಎಂದರೆ ಸಾಲದು. ಎರಡು, ಯಾವ ಅವಧಿ? ಕಳೆದ ಒಂದು ವರ್ಷವೋ, ಮೊದಲ ಎರಡು ತಿಂಗಳೋ. ಮೂರು, ಯಾವುದರ ಜೊತೆ ಹೋಲಿಕೆ? ಹೋದವರನ್ನು ಮಾತ್ರ ನೋಡಿದರೆ ಅರ್ಧ ಲೆಕ್ಕ, ಅದೇ ಪಗಾರಕ್ಕೆ ಅದೇ ರೂಮಿನಲ್ಲಿ ಮಲಗಿ ನಿಂತವರನ್ನೂ ನೋಡಬೇಕು. ನಾಲ್ಕು, ಉತ್ತರ ನಮ್ಮ ಪುಸ್ತಕದಿಂದಲೋ ನಾಲ್ಕು ಜನರನ್ನು ಕೇಳಿಯೋ ಸಿಗುವಂಥದ್ದೇ? ‘ನಿಯತ್ತು ಯಾಕೆ ಕಡಿಮೆಯಾಯಿತು’ ಎಂಬುದಕ್ಕೆ ಯಾವ ಪುಸ್ತಕದಲ್ಲೂ ಉತ್ತರ ಇಲ್ಲ. ಐದು, ಉತ್ತರ ನಮ್ಮ ವಿರುದ್ಧ ಬರಲು ಅವಕಾಶ ಇದೆಯೇ? ಇದೇ ಮುಖ್ಯ. ಯಾವ ಉತ್ತರ ಬಂದರೂ ತಪ್ಪು ಹುಡುಗನದ್ದೇ ಎಂದು ಆಗುವುದಾದರೆ ಅದು ಪ್ರಶ್ನೆಯಲ್ಲ, ತೀರ್ಪು.

ಕೊನೆಯ ದಿನದ ಹಿಸಾಬು: ಒಂದು ಪ್ರಶ್ನೆಯನ್ನು ಕಟ್ಟಿ ನೋಡೋಣ

ನಮ್ಮ ವ್ಯಾಪಾರದಲ್ಲಿ ಬಹಳ ಕಾಲದಿಂದ ಒಂದು ನಂಬಿಕೆ ಇದೆ. ಊರಿಗೆ ಹೋಗುವವನಿಗೆ ಪೂರ್ತಿ ಪಗಾರ ಕೊಡಬಾರದು, ಹದಿನೈದು ದಿನದ್ದೋ ತಿಂಗಳದ್ದೋ ಹಿಡಿದಿಟ್ಟರೆ ಅದರ ಆಸೆಗಾದರೂ ಬರುತ್ತಾನೆ ಎಂದು. ಹಿರಿಯರು ಹೇಳಿದ್ದಾರೆ, ನಾವೂ ಕೇಳಿದ್ದೇವೆ. ಆದರೆ ಇದು ನಿಜವೋ ಎಂದು ಪುಸ್ತಕ ಇಟ್ಟು ನೋಡಿದವರು ಯಾರು?

ದೂರಿನ ರೂಪದಲ್ಲಿ ಇದು ಹೀಗಿರುತ್ತದೆ: ‘ಊರಿಗೆ ಹೋದವರು ಬರುವುದಿಲ್ಲ.’ ಪ್ರಶ್ನೆಯಾಗಿ ಮಾಡಿದರೆ ಹೀಗಾಗುತ್ತದೆ: ‘ಕಳೆದ ಎರಡು ವರ್ಷಗಳಲ್ಲಿ ನಮ್ಮಲ್ಲಿಂದ ಊರಿಗೆ ಹೋದವರಲ್ಲಿ, ಪೂರ್ತಿ ಹಿಸಾಬು ಕೈಗೆ ಕೊಟ್ಟವರಲ್ಲಿ ಎಷ್ಟು ಜನ ಮೂರು ತಿಂಗಳೊಳಗೆ ಪುನಃ ಬಂದರು? ಬಾಕಿ ಹಿಡಿದಿಟ್ಟವರಲ್ಲಿ ಎಷ್ಟು ಜನ ಬಂದರು?’ ಇದಕ್ಕೆ ಹಳೆಯ ಹಾಜರಿ ಪುಸ್ತಕ ಮತ್ತು ಪಗಾರ ಪುಸ್ತಕ ಎರಡೇ ಸಾಕು. ಉತ್ತರ ಯಾವ ಕಡೆಗೂ ಬರಬಹುದು.

ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದಿದೆ. ‘ಒಬ್ಬನ ಹಿಸಾಬು ತಡವಾದಾಗ ಅಥವಾ ಜಗಳದಲ್ಲಿ ಮುಗಿದಾಗ, ಅವನ ರೂಮಿನವರು ಮತ್ತು ಅವನ ಊರಿನವರಲ್ಲಿ ಎಷ್ಟು ಜನ ಮುಂದಿನ ಎರಡು ತಿಂಗಳಲ್ಲಿ ಹೋದರು? ಹಿಸಾಬು ಸರಿಯಾಗಿ ಆದಾಗ ಎಷ್ಟು ಜನ?’ ಕೊನೆಯ ದಿನ ನಾವು ಹೇಗೆ ನಡೆದುಕೊಂಡೆವು ಎಂಬುದನ್ನು ಹೋಗುವವನೊಬ್ಬನೇ ನೋಡುವುದಿಲ್ಲ. ಮುಂದೊಂದು ದಿನ ತಾನೂ ಇದೇ ಗಲ್ಲೆಯ ಎದುರು ನಿಲ್ಲಬೇಕು ಎಂದು ಉಳಿದವರೂ ನೋಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಪರೀಕ್ಷೆ ಮಾಡಲೆಂದು ಈಗ ಯಾರ ಪಗಾರವನ್ನೂ ಹಿಡಿದಿಡಬಾರದು. ಹಳೆಯ ಪುಸ್ತಕ ಮಾತ್ರ ನೋಡುವುದು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ 2019ರ ವೇತನ ಸಂಹಿತೆಯ ಪ್ರಕಾರ, ನಾವು ತೆಗೆದವನಿಗೂ ತಾನಾಗಿ ರಾಜೀನಾಮೆ ಕೊಟ್ಟವನಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ಪಗಾರ ಕೊಡಬೇಕು. 1936ರ ಹಳೆಯ ಕಾನೂನಿನಲ್ಲಿ ಎರಡು ದಿನದ ನಿಯಮ ಮಾಲಕರು ತೆಗೆದವನಿಗೆ ಇತ್ತು, ಈಗ ತಾನಾಗಿ ಬಿಟ್ಟವನಿಗೂ ಬಂದಿದೆ. ರಜೆಗೆ ಹೋದವನ ಹೆಸರು ಪುಸ್ತಕದಲ್ಲಿ ಇದ್ದರೂ, ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಸಲ್ಲಬೇಕು. ಅಡ್ವಾನ್ಸ್ ಮುರಿದುಕೊಳ್ಳಲು ಕಾನೂನು ಬಿಡುತ್ತದೆ, ಆದರೆ ಎಲ್ಲ ಕಡಿತ ಸೇರಿ ಆ ಅವಧಿಯ ಪಗಾರದ ಅರ್ಧವನ್ನು ಮೀರಬಾರದು. ಐದು ವರ್ಷ ದುಡಿದವನಿಗೆ ವರ್ಷಕ್ಕೆ 15 ದಿನದ ಪಗಾರದ ಲೆಕ್ಕದಲ್ಲಿ ಗ್ರಾಚ್ಯುಯಿಟಿ ಇದೆ. ಪಿ.ಎಫ್. ಇರುವ ಹೋಟೆಲಿನಲ್ಲಿ ಅವನು ಬಿಟ್ಟ ತಾರೀಕನ್ನು ನಾವು ತುಂಬದಿದ್ದರೆ ಅವನ ಹಣ ತೆಗೆಯುವ, ಬದಲಾಯಿಸುವ ಕೆಲಸ ಅಡ್ಡಿಯಾಗುತ್ತದೆ. ಎರಡು ನಿಮಿಷದ ಕೆಲಸ, ಆದರೆ ಅವನಿಗೆ ಅದು ವರ್ಷಗಳ ದುಡಿಮೆ.

ಕಾನೂನು ಇರುವುದರಿಂದ ಪ್ರಶ್ನೆ ಬೇಡವೆಂದಲ್ಲ. ಕಾನೂನಿನ ಹೆದರಿಕೆಯಿಂದ ಕೊಟ್ಟವನು ಕೊಡುವಾಗ ಗೊಣಗುತ್ತಾನೆ. ಕೊಡುವುದರಿಂದಲೇ ಜನ ಪುನಃ ಬರುತ್ತಾರೆಂದು ಪುಸ್ತಕದಲ್ಲಿ ಕಂಡವನು ಮುಖ ನೋಡಿ ಕೊಡುತ್ತಾನೆ.

ಕಾರಣ ಕೇಳುವುದು ಹೇಗೆ?

ಪುಸ್ತಕ ‘ಎಷ್ಟು’ ಎಂದು ಹೇಳುತ್ತದೆ. ‘ಯಾಕೆ’ ಎಂಬುದಕ್ಕೆ ಬಾಯಿಬಿಟ್ಟು ಕೇಳಬೇಕು. ಹಿಸಾಬಿಗೆ ಮೊದಲು ಕೇಳಿದರೆ ‘ಊರಲ್ಲಿ ತಾಯಿಗೆ ಹುಷಾರಿಲ್ಲ’ ಎಂಬುದೊಂದೇ ಉತ್ತರ. ಅವನ ಹಣ ಇನ್ನೂ ನಮ್ಮ ಕೈಯಲ್ಲಿದೆ, ಬೇರೆ ಏನು ಹೇಳಿಯಾನು? ಆದ್ದರಿಂದ ಹಣ ಎಣಿಸಿ ಕೊಟ್ಟ ಮೇಲೆ ಕೇಳಬೇಕು. ಗಲ್ಲೆಯಲ್ಲಿ ನಿಲ್ಲಿಸಿ ಕೇಳಬಾರದು. ದಿನವೂ ಅವನನ್ನು ದುಡಿಸುವ ಮೆನೇಜರರಿಂದಲೂ ಕೇಳಿಸಬಾರದು. ಅವನ ಭಾಷೆ ಬಲ್ಲವರೊಬ್ಬರು ಚಹಾ ಕೊಟ್ಟು ಕೂರಿಸಿ ಕೇಳಿದರೆ ಮಾತು ಬರುತ್ತದೆ. ಒಂದು ತಿಂಗಳ ಮೇಲೆ ಫೋನು ಮಾಡಿ ವಿಚಾರಿಸಿದರೆ ಇನ್ನೂ ಒಳ್ಳೆಯದು, ಆಗ ಅವನಿಗೆ ನಮ್ಮ ಹಂಗಿಲ್ಲ.

‘ಯಾಕೆ ಬಿಟ್ಟೆ?’ ಎಂದರೆ ಆರೋಪದ ಹಾಗೆ ಕೇಳಿಸುತ್ತದೆ. ‘ಪಗಾರ ಕಡಿಮೆಯಾಯಿತೋ?’ ಎಂದರೆ ಉತ್ತರವನ್ನು ನಾವೇ ಅವನ ಬಾಯಲ್ಲಿ ಇಟ್ಟ ಹಾಗೆ. ಅದಕ್ಕಿಂತ ಹೀಗೆ ಕೇಳಿ ನೋಡಿ: ‘ಹೋಗಬೇಕೆಂದು ಮೊದಲ ಸಲ ಅನಿಸಿದ್ದು ಯಾವಾಗ? ಆ ದಿನ ಏನಾಗಿತ್ತು? ಮೊದಲು ಯಾರಿಗೆ ಹೇಳಿದೆ? ನಿನ್ನ ತಮ್ಮ ಕೆಲಸ ಹುಡುಕಿದರೆ ಇಲ್ಲಿಗೆ ಕಳಿಸುತ್ತೀಯಾ?’ ಕೊನೆಯ ಪ್ರಶ್ನೆಗೆ ಬಾಯಿಂದ ಹೌದು ಎಂದರೂ ಮುಖ ನಿಜ ಹೇಳುತ್ತದೆ. ನಿಂತವರಿಗೂ ಇಂಥದ್ದೇ ಒಂದು ಪ್ರಶ್ನೆ ಕೇಳಬೇಕು: ‘ಹೋಗಬೇಕೆಂದು ಅನಿಸಿಯೂ ನಿಂತದ್ದು ಯಾಕೆ?’

ಎಡವುವ ಜಾಗಗಳು

ಲೆಕ್ಕ ಹಾಕುವಾಗ ಮೂರು ಕಡೆ ಎಡವುತ್ತೇವೆ.

ಮೊದಲನೆಯದು ಋತು. ದೀಪಾವಳಿ ಆಗಿ ಆರನೇ ದಿನ ಛಟ್ ಪೂಜೆ, ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದವರು ಆಗ ನಿಲ್ಲುವುದಿಲ್ಲ. ಹೋಳಿಗೆ ಪುನಃ ಹಾಗೆಯೇ. ಜೂನ್ ಮಧ್ಯದಲ್ಲಿ ಒಡಿಶಾದ ರಜ ಹಬ್ಬ, ಅದರ ಬೆನ್ನಿಗೆ ಗದ್ದೆಯ ಕೆಲಸ. ಆ ತಿಂಗಳ ಲೆಕ್ಕ ನೋಡಿ ‘ಈ ವರ್ಷ ಜಾಸ್ತಿ ಹೋದರು’ ಎಂದರೆ ತಪ್ಪಾಗುತ್ತದೆ. ಈ ನವೆಂಬರನ್ನು ಹಿಂದಿನ ನವೆಂಬರಿಗೆ ಹೋಲಿಸಬೇಕು. ಹಬ್ಬಗಳು ಹಿಂದೆ ಮುಂದೆ ಆಗುವುದರಿಂದ ಪಂಚಾಂಗವನ್ನೂ ಬದಿಯಲ್ಲಿ ಇಟ್ಟುಕೊಳ್ಳಬೇಕು.

ಎರಡನೆಯದು, ಜೊತೆಗೆ ಬಂದದ್ದನ್ನೆಲ್ಲ ಕಾರಣ ಎನ್ನುವುದು. ಬಾಕಿ ಹಿಡಿದಿಟ್ಟವರು ಕಡಿಮೆ ಬಂದರು ಎಂದು ಲೆಕ್ಕದಲ್ಲಿ ಕಂಡರೂ, ಜಗಳ ಮಾಡಿ ಹೋದವರ ಬಾಕಿಯನ್ನೇ ನಾವು ಹಿಡಿದಿರಬಹುದು. ಆಗ ಬಾರದಿದ್ದದ್ದು ಬಾಕಿಯಿಂದಲೋ ಜಗಳದಿಂದಲೋ? ಅದಕ್ಕಾಗಿ ಜಗಳ ಇತ್ತೇ ಇಲ್ಲವೇ ಎಂದು ಒಂದು ಕಲಂ ಬೇಕು. ಜಗಳವಿಲ್ಲದೆ ಹೋದವರನ್ನೇ ಎರಡು ಪಾಲು ಮಾಡಿ ನೋಡಿದರೆ ಉತ್ತರ ಸ್ವಚ್ಛವಾಗುತ್ತದೆ.

ಮೂರನೆಯದು, ಸಣ್ಣ ಲೆಕ್ಕದಿಂದ ದೊಡ್ಡ ಮಾತು ಹೇಳುವುದು. ಒಂದು ಹೋಟೆಲಿನ ಹತ್ತು ಹನ್ನೆರಡು ಜನರಿಂದ ಏನನ್ನೂ ಸಿದ್ಧ ಮಾಡಲು ಆಗದು. ಒಬ್ಬ ಹೆಚ್ಚು ಒಬ್ಬ ಕಡಿಮೆಯಾದರೆ ಲೆಕ್ಕವೇ ತಿರುಗಿಬೀಳುತ್ತದೆ. ಆದ್ದರಿಂದ ಒಂದೇ ವಲಯದ ಎಂಟು ಹತ್ತು ಮಾಲಕರು ಒಂದೇ ತರದ ಕಲಂ ಹಾಕಿ ಒಂದು ವರ್ಷ ಬರೆದು, ಹೆಸರಿಲ್ಲದೆ ಲೆಕ್ಕ ಮಾತ್ರ ಒಟ್ಟು ಮಾಡಿದರೆ ನಂಬಬಹುದಾದ ಉತ್ತರ ಸಿಗುತ್ತದೆ. ಸಂಘ ಇರುವುದು ಇಂಥದ್ದಕ್ಕೇ ತಾನೆ?

ಹೆಸರಿಲ್ಲದೆ ಎಂದು ಒತ್ತಿ ಹೇಳಲು ಕಾರಣವಿದೆ. ಈ ಪುಸ್ತಕ ‘ಇಂಥವನನ್ನು ಇಟ್ಟುಕೊಳ್ಳಬೇಡಿ’ ಎಂದು ಮಾಲಕರು ಮಾಲಕರಿಗೆ ಕಳಿಸುವ ಪಟ್ಟಿ ಆಗಬಾರದು. ಹಾಗೆ ಆಯಿತೆಂದು ಒಬ್ಬ ಹುಡುಗನಿಗೆ ಗೊತ್ತಾದರೆ ಆ ದಿನದಿಂದ ಯಾರೂ ನಮಗೆ ನಿಜ ಹೇಳುವುದಿಲ್ಲ. ಅವನ ಅನ್ನಕ್ಕೆ ಕಲ್ಲು ಹಾಕಿದ ಪಾಪ ಬೇರೆ.

ಪುಸ್ತಕದಲ್ಲಿ ಏನು ಬರೆಯಬೇಕು?

ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಒಬ್ಬರಿಗೆ ಒಂದು ಸಾಲು. ಸೇರಿದ ತಾರೀಕು, ಯಾವ ಕೆಲಸ, ಯಾವ ರಾಜ್ಯ, ಯಾರ ಮೂಲಕ ಬಂದ, ಹೋದ ತಾರೀಕು, ಮೇಲೆ ಹೇಳಿದ ನಾಲ್ಕರಲ್ಲಿ ಯಾವ ತರ, ಹಿಸಾಬು ಎಷ್ಟು ದಿನದಲ್ಲಿ ಆಯಿತು, ಬಾಕಿ ಉಳಿಯಿತೇ, ಜಗಳ ಇತ್ತೇ, ಅವನು ಹೇಳಿದ ಕಾರಣ ಅವನದೇ ಮಾತಿನಲ್ಲಿ, ಪುನಃ ಬಂದನೇ, ಬೇರೆಯವರನ್ನು ಕಳಿಸಿದನೇ. ಕೊನೆಯ ಎರಡು ಕಲಂಗಳನ್ನು ಮೂರು ತಿಂಗಳ ಮೇಲೆ ತುಂಬಬೇಕು. ಪುಸ್ತಕ ಗಲ್ಲೆಯ ಬೀಗದೊಳಗೆ ಇರಲಿ.

ಈಗ ಒಂದೆರಡು ದೂರುಗಳನ್ನು ನೀವೇ ತಿದ್ದಿ ನೋಡಿ. ‘ವೇಟರುಗಳು ಎದುರಿನ ಹೋಟೆಲಿಗೆ ಓಡುತ್ತಾರೆ’ ಎಂಬುದನ್ನು ತಿದ್ದಿದರೆ, ‘ಈ ವರ್ಷ ಬಿಟ್ಟ ವೇಟರುಗಳಲ್ಲಿ ಎಷ್ಟು ಜನ ಇದೇ ವಲಯದಲ್ಲಿ ಕೆಲಸ ಹಿಡಿದರು, ಅವರಲ್ಲಿ ಪಗಾರ ಹೆಚ್ಚಾದವರು ಎಷ್ಟು, ಅದೇ ಪಗಾರಕ್ಕೆ ಹೋದವರು ಎಷ್ಟು?’ ಎಂದಾಗುತ್ತದೆ. ಅದೇ ಪಗಾರಕ್ಕೆ ಹೋದವರು ಹೆಚ್ಚಿದ್ದರೆ ವಿಷಯ ಪಗಾರದ್ದಲ್ಲ ಎಂದಾಯಿತು. ‘ಊಟ, ರೂಮು ಎಲ್ಲ ಕೊಟ್ಟರೂ ಉಪಕಾರ ಇಲ್ಲ’ ಎಂಬುದನ್ನು ತಿದ್ದಿದರೆ, ‘ರೂಮಿನಲ್ಲಿ ಇದ್ದವರು ಸರಾಸರಿ ಎಷ್ಟು ತಿಂಗಳು ನಿಂತರು, ಹೋಟೆಲಿನೊಳಗೆ ಟೇಬಲ್ ಸರಿಸಿ ಮಲಗಿದವರು ಎಷ್ಟು ತಿಂಗಳು?’ ಎಂದಾಗುತ್ತದೆ. ಉಳಿದವನ್ನು ನಿಮ್ಮ ಹೋಟೆಲಿನ ದೂರುಗಳಿಂದ ನೀವೇ ಮಾಡಿಕೊಳ್ಳಿ. ಒಂದು ವರ್ಷಕ್ಕೆ ಒಂದೇ ಪ್ರಶ್ನೆ ಹಿಡಿಯಿರಿ, ಹತ್ತು ಹಿಡಿದರೆ ಯಾವುದೂ ಮುಗಿಯುವುದಿಲ್ಲ.

ಬರುವ ತಿಂಗಳ ಒಂದನೇ ತಾರೀಕಿನಿಂದ ಪುಸ್ತಕ ಶುರು ಮಾಡೋಣ. ಮುಂದಿನ ವಲಯ ಸಭೆಗೆ ಬರುವಾಗ ಸದಸ್ಯ ಬಾಂಧವರು ಒಂದು ಚೀಟಿಯಲ್ಲಿ ತಮ್ಮ ಒಂದು ಪ್ರಶ್ನೆಯನ್ನು ಬರೆದು ತನ್ನಿ. ಮೇಲೆ ಹೇಳಿದ ಐದು ಲಕ್ಷಣ ಅದರಲ್ಲಿ ಇವೆಯೇ ಎಂದು ಎಲ್ಲರೂ ಕೂತು ನೋಡೋಣ. ಯಾರ ಹೋಟೆಲಿನಿಂದ ಎಷ್ಟು ಜನ ಹೋದರು ಎಂಬ ಲೆಕ್ಕ ಸಭೆಯಲ್ಲಿ ಹೇಳಬೇಕಾಗಿಲ್ಲ. ಪ್ರಶ್ನೆ ಸರಿಯಾಗಿದ್ದರೆ ಸಾಕು, ಅದರ ಉತ್ತರ ನಿಮ್ಮ ಪುಸ್ತಕವೇ ನಿಮಗೊಬ್ಬರಿಗೆ ಹೇಳುತ್ತದೆ.